ಕಾಲಿಗೆ ಹತ್ತದ ಖಾರ

ನಾನು ಬಿದ್ದಾಗಲೆಲ್ಲ ಎಲ್ಲರಿಗಿಂತ ಮೊದಲು ನಕ್ಕವಳು ನಾನೇ. ನೋಡುವವರು ನಗುವ ಮುನ್ನ ಬಿದ್ದವರೇ ನಕ್ಕುಬಿಟ್ಟರೆ ಅದು ಅವಮಾನವಾಗಿ ಉಳಿಯುವುದಿಲ್ಲ, ತಮಾಷೆಯಾಗಿಬಿಡುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಗುವಿನ ಮರೆಯಲ್ಲಿ ಒಂದು ಕಾಯಿಲೆ ತಿಂಗಳುಗಟ್ಟಲೆ ನನ್ನೊಳಗೆ ಬೆಳೆಯಿತು. ಈಗ ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಸರಿ ಎನಿಸುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಇಂತಹ ಬರಹಗಳನ್ನು ತೆರೆಯುವವರು ಮೊದಲು ಕೊನೆಯ ಸಾಲಿಗೆ ಹೋಗಿ, ಬರೆದವರು ಬದುಕಿದ್ದಾರೆಯೇ, ನಡೆದಾಡುತ್ತಿದ್ದಾರೆಯೇ ಎಂದು ನೋಡುತ್ತಾರೆ. ನಾನೂ ಹಾಗೆಯೇ ನೋಡಿದ್ದೆ.

ನಮ್ಮದು ಕುಂದಗೋಳ ತಾಲ್ಲೂಕಿನ ಕುಬಿಹಾಳ. ಎರೆ ಹೊಲ; ಮೆಣಸಿನಕಾಯಿ, ಹತ್ತಿ, ಹಿಂಗಾರಿಗೆ ಜೋಳ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದ್ದರಿಂದ ಮನೆಯಲ್ಲಿ ನಾನು ಏನು ಹೇಳಿದರೂ ಅದು ತೂಕದ ಮಾತಾಗುತ್ತದೆ, ಊರಿನಲ್ಲಿ ನಾನು ಏನು ಮಾಡಿದರೂ ಅದು ಸುದ್ದಿಯಾಗುತ್ತದೆ. ಬಿ.ಎಡ್. ಮುಗಿಸಿದ ಮೇಲೆ ಪಕ್ಕದ ಊರಿನ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಅಲ್ಲಿಗೆ ಹೋಗಿಬರುವುದು ಸೈಕಲ್ಲಿನಲ್ಲಿ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ಲು ಅದು. ನನ್ನ ಓರಗೆಯವರ ಸೈಕಲ್ಲುಗಳು ಎಂದೋ ಗುಜರಿಗೆ ಹೋಗಿವೆ. ನನ್ನದನ್ನು ಅಪ್ಪ ಪ್ರತಿ ಅಮಾವಾಸ್ಯೆಗೆ ಬಂಡಿ, ನೇಗಿಲುಗಳ ಜೊತೆಗೇ ತೊಳೆದು ಕುಂಕುಮ ಹಚ್ಚುತ್ತಾರೆ.

ಬಿ.ಎಡ್. ಫಲಿತಾಂಶ ಬಂದ ವಾರವೇ ನಾನು ಊರ ಬಸವಣ್ಣನ ಗುಡಿಗೆ ಹೋಗಿ ಒಂದು ಹರಕೆ ಹೊತ್ತಿದ್ದೆ. ಸರ್ಕಾರಿ ಶಿಕ್ಷಕಿಯ ಹುದ್ದೆ ಸಿಗುವವರೆಗೆ ಹಾಲನ್ನೂ ಹಾಲಿನಿಂದ ಆದದ್ದನ್ನೂ ಮುಟ್ಟುವುದಿಲ್ಲ ಎಂದು. ನಮ್ಮ ಕಡೆ ಹೀಗೆ ಬಿಡುವುದು ಹೊಸದೇನಲ್ಲ. ಮಗಳಿಗೆ ವರ ಗೊತ್ತಾಗುವವರೆಗೆ ಚಪ್ಪಲಿ ಬಿಟ್ಟವರಿದ್ದಾರೆ, ಬೋರಿಗೆ ನೀರು ಬೀಳುವವರೆಗೆ ಬೆಲ್ಲ ಬಿಟ್ಟವರಿದ್ದಾರೆ. ಇಷ್ಟವಿಲ್ಲದ ವಸ್ತುವನ್ನು ಬಿಟ್ಟರೆ ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದೆ. ನನಗೆ ಬಿಸಿ ರೊಟ್ಟಿಯ ಮೇಲೆ ಗಟ್ಟಿ ಮೊಸರಿಗಿಂತ ಇಷ್ಟವಾದದ್ದು ಬೇರೆ ಇರಲಿಲ್ಲ. ಮನೆಯಲ್ಲಿ ಎಮ್ಮೆ ಹಿಂಡುತ್ತಿತ್ತು. ನಾನು ಕಪ್ಪು ಚಹಾ ಕುಡಿದು, ರೊಟ್ಟಿಗೆ ಕೆಂಪು ಚಟ್ನಿ, ಕುಸುಬೆ ಎಣ್ಣೆ ಹಚ್ಚಿಕೊಂಡು ಓದಲು ಕೂರುತ್ತಿದ್ದೆ. ನೆಂಟರು ಬಂದಾಗ ಅಪ್ಪ ಈ ವಿಷಯವನ್ನು ನನ್ನ ಅಂಕಗಳಿಗಿಂತ ಮೊದಲು ಹೇಳುತ್ತಿದ್ದರು.

ಮೊದಲ ಸಲ ಬಿದ್ದದ್ದು ಊರ ಬಸ್ ನಿಲ್ದಾಣದ ಎದುರಿಗೆ, ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದ ಹೊತ್ತಿನಲ್ಲಿ. ಇಳಿಯಲೆಂದು ಕಾಲು ಊರಿದೆ. ನೆಲ ಎಲ್ಲಿದೆ ಎಂದು ಕಾಲಿಗೆ ತಿಳಿಯಲಿಲ್ಲ. ಸೈಕಲ್ಲಿನ ಸಮೇತ ಉರುಳಿದೆ. ಸೀರೆಯ ನೆರಿಗೆ ಚೈನಿಗೆ ಸಿಕ್ಕಿತ್ತು. ನಾನು ಕುಳಿತಲ್ಲಿಂದಲೇ ನಕ್ಕು, "ರಸ್ತೆ ಗಟ್ಟಿ ಐತೋ ಇಲ್ಲೋ ನೋಡಿದ್ನಿರಿ" ಎಂದೆ.

"ಹೆಂಗೈತ್ರೀ ಟೀಚರ?" ಎಂದು ಕಟ್ಟೆಯ ಮೇಲಿನಿಂದ ಒಬ್ಬರು ಕೇಳಿದರು.

"ಅಗದಿ ಗಟ್ಟಿ ಐತ್ರಿ."

ಎಲ್ಲರೂ ನಕ್ಕರು. ಅಂದಿನಿಂದ ಅದು ಊರಿನ ಮಾತಾಯಿತು. ನಾನು ದಾಟಿ ಹೋಗುವಾಗ, "ಇವತ್ತು ರಸ್ತೆ ನೋಡೂದು ಆತೇನ್ರಿ?" ಎಂದು ಕೇಳುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಯಾರನ್ನಾದರೂ ಕೆಡವುತ್ತದೆ. ಹೀಗಾಗಿ ಆ ಮಳೆಗಾಲವಿಡೀ ನಾನು ಬಿದ್ದದ್ದಕ್ಕೆ ಮಣ್ಣೇ ಹೊಣೆಯಾಯಿತು. ಮಳೆ ನಿಂತು ರಸ್ತೆ ಒಣಗಿದ ಮೇಲೆಯೂ ಬಿದ್ದಾಗ ಸೈಕಲ್ಲು ಹೊಣೆಯಾಯಿತು. ಅಪ್ಪ ಅದನ್ನು ಪಂಕ್ಚರ್ ಅಂಗಡಿಯ ದಾವಲಸಾಬ ಕಾಕಾನ ಹತ್ತಿರ ಒಯ್ದು ಬ್ರೇಕು ಬದಲಿಸಿದರು, ಪೆಡಲು ಬದಲಿಸಿದರು, ಕೊನೆಗೆ ಹ್ಯಾಂಡಲ್ಲನ್ನೂ ಬದಲಿಸಿದರು.

"ಇನ್ನು ಬಿದ್ರ ಟೀಚರನ್ನ ಬದಲಿ ಮಾಡಬೇಕು ನೋಡ್ರಿ ಗೌಡ್ರ," ಎಂದು ಕಾಕಾ ಅಪ್ಪನಿಗೆ ಹೇಳಿದಾಗ ನಾನೂ ನಕ್ಕಿದ್ದೆ.

ನಿಜ ಹೇಳಬೇಕೆಂದರೆ ನನಗೆ ಬೇರೆ ಸೂಚನೆಗಳೂ ಸಿಗುತ್ತಿದ್ದವು. ಒಂದು ಮುಂಜಾನೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಬಚ್ಚಲಿನ ಗೋಡೆ ಬಂದು ಹಣೆಗೆ ಬಡಿಯಿತು. ಗೋಡೆ ಬರಲಿಲ್ಲ, ನಾನೇ ಅದರ ಮೇಲೆ ವಾಲಿದ್ದೆ. ಇನ್ನೊಂದು ದಿನ ಶಾಲೆಯ ಪ್ರಾರ್ಥನೆಗೆ ನಿಂತಾಗ ಮಕ್ಕಳೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಹಾದಿಯಲ್ಲಿ ಎಲ್ಲಿಯೋ ಕಳಚಿ ಬಿದ್ದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಚಿಕ್ಕವರಿದ್ದಾಗ ಬಿಡಿಸಿದ ಹತ್ತಿಯನ್ನು ಪಡಸಾಲೆಯಲ್ಲಿ ರಾಶಿ ಹಾಕಿದರೆ ಅದರ ಮೇಲೆ ಓಡಾಡುತ್ತಿದ್ದೆವು. ಈಗ ಹತ್ತಿಯಿಲ್ಲದ ನೆಲವೂ ಹಾಗೆಯೇ ಅನಿಸುತ್ತಿತ್ತು. ಓದಿನ ಆಯಾಸ, ನಿದ್ದೆಗೇಡು, ರಕ್ತ ಕಡಿಮೆ ಎಂದು ನಾನೇ ಕಾರಣಗಳನ್ನು ಕೊಟ್ಟುಕೊಂಡೆ. ನೇಮಕಾತಿಯ ಪರೀಕ್ಷೆ ಬರೆದಾಗಿತ್ತು, ಫಲಿತಾಂಶ ಬರಬೇಕಿತ್ತು. ಅಂತಹ ಹೊತ್ತಿನಲ್ಲಿ ಕಾಯಿಲೆ ಬೀಳುವುದು ನನಗೆ ಶಿಸ್ತಿನ ಕೊರತೆಯಂತೆ ತೋರುತ್ತಿತ್ತು.

ಕೊನೆಗೆ ಸುಳ್ಳು ಹೇಳದೆ ಹೋದದ್ದು ಮೆಣಸಿನಕಾಯಿ ಒಂದೇ.

ಸುಗ್ಗಿಯ ದಿನಗಳು. ಊರ ಹೊರಗಿನ ಬಯಲಿನಲ್ಲಿ ಎಲ್ಲರೂ ಮೆಣಸಿನಕಾಯಿ ಹರವಿದ್ದರು. ದಾರಿಯ ಎರಡೂ ಬದಿಗೆ ಕೆಂಪು. ಶಾಲೆಯಿಂದ ಮರಳುವಾಗ ಸಂಜೆಯ ಬೆಳಕು ಕಡಿಮೆಯಾಗಿತ್ತು. ನಾನು ಕಣ್ಣು ಕಿರಿದುಮಾಡಿಕೊಂಡು ಬರುತ್ತಿದ್ದವಳು ಹಾಗೆಯೇ ಎಡಕ್ಕೆ ವಾಲಿ ನಮ್ಮ ಓಣಿಯ ಪಾರವ್ವ ಕಾಕುವಿನ ಮೆಣಸಿನಕಾಯಿಯ ನಡುವೆ ಹೋಗಿ ಬಿದ್ದೆ. ಸೈಕಲ್ಲು ನನ್ನ ಮೇಲೆ ಬಿತ್ತು. ಕಾಕು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಯವ್ವಾ ನೀಲಮ್ಮಾ, ಮೆಣಸಿನಕಾಯಿ ನೋಡಾಕ ಬಂದಿಯೋ, ಕುಟ್ಟಾಕ ಬಂದಿಯೋ?"

"ಖಾರ ಐತೋ ಇಲ್ಲೋ ನೋಡಾಕ ಬಂದ್ನಿ, ಕಾಕು."

"ಐತೇನು?"

ಉತ್ತರ ಕೊಡುವ ಮೊದಲೇ ನನಗೆ ಸೀನು ಹತ್ತಿತು. ಕಾಕುವಿಗೂ ಹತ್ತಿತು. ಇಬ್ಬರೂ ಸೀನುತ್ತ, ನಗುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಸೈಕಲ್ಲನ್ನು ಎತ್ತಿ ನಿಲ್ಲಿಸಿದೆವು. ನಾನು ಅದನ್ನು ತಳ್ಳಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ ತರಚಿದ ಅಂಗೈಗಳು ಬೆಂಕಿಯ ಮೇಲಿಟ್ಟಂತೆ ಉರಿಯುತ್ತಿದ್ದವು. ಅವ್ವ ಮೊಸರಿನ ಗಡಿಗೆ ತಂದು ನನ್ನ ಕೈಯನ್ನು ಅದರತ್ತ ಎಳೆದಳು. ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಹರಕಿ ಐತಿ ಅವ್ವಾ."

ಅಪ್ಪನ ತಾಯಿ, ನಮ್ಮ ಆಯಿ, ಮೂಲೆಯಲ್ಲಿ ಕುಳಿತು ಮೂಗಿಗೆ ತಪಕೀರಿನ ನಶ್ಯ ಏರಿಸುತ್ತಿದ್ದವಳು ಬೆರಳನ್ನು ಹಾಗೆಯೇ ತಡೆದು, "ಹರಕಿ ಹೊತ್ತದ್ದು ಬಾಯಿಗೆ, ಕೈಗಲ್ಲ. ಹಚ್ಚಬೇ ಅಕಿಗೆ," ಎಂದಳು. ಅವ್ವ ಹಚ್ಚಿದಳು. ತಂಪಾಯಿತು. ನಂತರ ಅವ್ವ ನನ್ನ ಕಾಲು ತೊಳೆಯಲೆಂದು ಬಗ್ಗಿದಳು. ಪೆಡಲು ತಾಗಿ ಎಡಗಾಲಿನ ಹಿಂಬದಿಯ ಚರ್ಮ ಸುಲಿದಿತ್ತು. ಸುಲಿದ ಜಾಗದಲ್ಲಿ ಮೆಣಸಿನಕಾಯಿಯ ಬೀಜಗಳು ಅಂಟಿಕೊಂಡಿದ್ದವು. ಬಿದ್ದಲ್ಲೆಲ್ಲ ಕೆಂಪೇ ಇದ್ದುದರಿಂದ ರಕ್ತ ಬಂದದ್ದನ್ನು ನಾನಾಗಲಿ ಕಾಕುವಾಗಲಿ ನೋಡಿರಲಿಲ್ಲ.

ಅವ್ವ ಅಲ್ಲಿ ಬೆರಳಿಟ್ಟಳು.

"ಇಲ್ಲಿ ಉರಿಯಾಕತ್ತಿಲ್ಲೇನು?"

"ಎಲ್ಲಿ?" ಎಂದು ಕೇಳಿದೆ.

ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಅಭ್ಯಾಸಬಲದಿಂದ ನಕ್ಕೆ. ಅವ್ವ ನಗಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದರು, ಅವರೂ ನಗಲಿಲ್ಲ. ಆಯಿ ತಪಕೀರಿನ ಡಬ್ಬಿಯ ಮುಚ್ಚಳ ಹಾಕಿ, "ಸೈಕಲ್ಲು ರಿಪೇರಿ ಮಾಡಿಸಿದ್ದು ಸಾಕು. ಹುಡುಗೀನ್ನ ತೋರಸ್ರಿ," ಎಂದಳು.

ಕುಂದಗೋಳದ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆ ತಟ್ಟಿ, ಹುಬ್ಬಳ್ಳಿಯ ನರದ ಡಾಕ್ಟರಿಗೆ ತೋರಿಸಿ ಎಂದರು. ಆ ರಾತ್ರಿ ನಾನು ಮಾಡಬಾರದ ಕೆಲಸ ಮಾಡಿದೆ. ಕಾಲು ಜೋಮು, ನಡೆಯುವಾಗ ವಾಲುವುದು ಎಂದು ಮೊಬೈಲಿನಲ್ಲಿ ಹುಡುಕಿದೆ. ಬೆಳಗಾಗುವಷ್ಟರಲ್ಲಿ ನನಗೆ ಇಲ್ಲದ ರೋಗವೇ ಇರಲಿಲ್ಲ. ಓದಲು ಬರುವುದರಿಂದ ಆಗುವ ತೊಂದರೆಗಳಲ್ಲಿ ಇದೂ ಒಂದು ಎಂದು ಈಗ ಹೇಳಬಲ್ಲೆ. ಅಂದು ಮಾತ್ರ ಹಾಸಿಗೆಯಲ್ಲಿ ಕುಳಿತು ನನ್ನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕೈಗಳಿಗೆ ಪಾದ ಸಿಕ್ಕಿತ್ತು, ಪಾದಗಳಿಗೆ ಕೈ ಸಿಕ್ಕಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸರದಿ ಉದ್ದವಿತ್ತು. ಅಪ್ಪ ಬಿಳಿ ಟೋಪಿಯನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ತಲೆಯ ಮೇಲೆ ಇಡುತ್ತಿದ್ದರು. ನಾನು ಡಾಕ್ಟರಿಗೆ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ: "ಕಳೆದ ಕೆಲವು ತಿಂಗಳುಗಳಿಂದ ನನಗೆ ಸಮತೋಲನದ ಸಮಸ್ಯೆ ಕಾಣಿಸಿಕೊಂಡಿದೆ." ಎದುರಿನಲ್ಲಿ ನನಗಿಂತ ಚಿಕ್ಕ ಹುಡುಗಿಯೊಬ್ಬಳನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ನನ್ನ ವಾಕ್ಯ ಅರ್ಧಕ್ಕೇ ನಿಂತಿತು.

ಪಕ್ಕದಲ್ಲಿ ನವಲಗುಂದದ ಕಡೆಯ ಒಬ್ಬ ಹೆಂಗಸು ಗಂಡನನ್ನು ಕರೆತಂದು ಕುಳಿತಿದ್ದಳು. ಆಕೆ ಗಂಟು ಬಿಚ್ಚಿ ಶೇಂಗಾ ಹೋಳಿಗೆಯನ್ನು ಮುರಿದು ನನ್ನ ಕೈಗಿಟ್ಟಳು.

"ನಿಂದೇನವಾ?"

"ಬೀಳ್ತೀನ್ರಿ," ಎಂದೆ. ಜೋಡಿಸಿಟ್ಟ ವಾಕ್ಯ ಎಲ್ಲಿಯೋ ಹೋಗಿತ್ತು.

"ನಮ್ಮವರೂ ಬೀಳ್ತಾರವಾ. ಆದ್ರ ನಿನ್ನಂಗ ಚಂದ ಹೇಳೂದಿಲ್ಲ. ತಳ್ಳಿದ್ದು ನೀನಽ ಅಂತ ನನ್ನ ಮ್ಯಾಲೆ ಹಾಕ್ತಾರು."

ಗಂಡ ಕಣ್ಣು ಮುಚ್ಚಿದ್ದವನು ಹಾಗೆಯೇ, "ತಳ್ಳಿದ್ದು ಖರೇನ ಐತಿ," ಎಂದ. ನಾವು ಮೂವರೂ ನಕ್ಕೆವು, ಅಪ್ಪನೂ ನಕ್ಕರು. ಶೌಚಕ್ಕೆ ಹೋಗಬೇಕಾದಾಗ ಆಕೆಯೇ ನನ್ನ ತೋಳು ಹಿಡಿದು ನಡೆಸಿದಳು. ನನ್ನ ಚಪ್ಪಲಿ ಕಳಚುವುದನ್ನು ಕಂಡು, ತನ್ನ ಕರ್ಚೀಫಿನಿಂದ ಅದನ್ನು ನನ್ನ ಕಾಲಿಗೆ, ಸಣ್ಣ ಮಕ್ಕಳಿಗೆ ಕಟ್ಟುವಂತೆ ಕಟ್ಟಿದಳು. ಆಕೆಯ ಹೆಸರು ಕೇಳಲು ನನಗೆ ಹೊಳೆಯಲಿಲ್ಲ. ಆ ಕರ್ಚೀಫು ಇನ್ನೂ ನನ್ನ ಬಳಿ ಇದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಕವಲೊಡೆದ ಒಂದು ಕಬ್ಬಿಣದ ಸಾಧನವನ್ನು ಮೇಜಿಗೆ ಬಡಿದು ಅದರ ಬುಡವನ್ನು ಮೊದಲು ನನ್ನ ಎದೆಯ ಎಲುಬಿಗೆ ಒತ್ತಿದರು. ದುಂಬಿ ಕುಳಿತಂತೆ ಗುಂಯ್ ಎಂದಿತು.

"ಇದು ಗೊತ್ತಾತಲ್ಲ? ಈಗ ಕಣ್ಣು ಮುಚ್ಚರಿ. ಕಾಲಿನ ಹೆಬ್ಬಟ್ಟಿಗೆ ಹಚ್ತೀನಿ. ಗುಂಯ್ ಅಂದ್ರ ಹೇಳ್ರಿ."

ನಾನು ಕಣ್ಣು ಮುಚ್ಚಿ ಕಾಯ್ದೆ. ವಿದ್ಯಾರ್ಥಿನಿಯಂತೆ ಸರಿಯಾದ ಉತ್ತರ ಕೊಡಬೇಕೆಂದು ಬಹಳ ಗಮನವಿಟ್ಟು ಕಾಯ್ದೆ. ಡಾಕ್ಟರು ಬೇರೆ ಏನೋ ಕೆಲಸದಲ್ಲಿದ್ದಾರೆ ಎನಿಸಿತು.

"ಹಚ್ರಿ ಮೇಡಂ, ನಾನು ತಯಾರಿದ್ದೀನಿ," ಎಂದೆ.

"ಹಚ್ಚಿ ಆಗಲೇ ಹೊತ್ತಾತು," ಎಂದರು.

ನನ್ನ ಇಡೀ ಕಾಯಿಲೆಯಲ್ಲಿ ನಾನು ನಿಜವಾಗಿ ಹೆದರಿದ ಕ್ಷಣ ಅದು. ಕಣ್ಣು ತೆರೆದು ನೋಡಿದಾಗ ಆ ಕಬ್ಬಿಣ ನನ್ನ ಹೆಬ್ಬೆರಳಿನ ಮೇಲೆ ನಡುಗುತ್ತಿತ್ತು.

ಎಬ್ಬಿಸಿ ನಿಲ್ಲಿಸಿದರು. ಎರಡೂ ಪಾದ ಜೋಡಿಸಿ ಕಣ್ಣು ಮುಚ್ಚಲು ಹೇಳಿದರು. ನಾನು ಕಡಿದ ಜೋಳದ ದಂಟಿನಂತೆ ವಾಲಿದೆ. ಅಪ್ಪ ಟೋಪಿ ಬಿಟ್ಟು ಓಡಿಬಂದು ಹಿಡಿದುಕೊಂಡರು. ಅವರ ತೋಳಿನಲ್ಲಿ ಬಿದ್ದುಕೊಂಡೇ ನಾನು ನಕ್ಕೆ.

"ಯಾಕ ನಗ್ತೀರಿ?" ಎಂದು ಡಾಕ್ಟರು ಮೃದುವಾಗಿ ಕೇಳಿದರು.

"ರೂಢಿ ರೀ," ಎಂದೆ. ಆಮೇಲೆ ಅಳು ಬಂತು. "ಕಾಲು ನನ್ನವು ಅಲ್ಲ ಅನಸ್ತೈತ್ರಿ."

ಅವರು ನನ್ನನ್ನು ಕೂರಿಸಿ ಊಟದ ಬಗ್ಗೆ ಕೇಳತೊಡಗಿದರು. ಮೊಟ್ಟೆ, ಮಾಂಸ? ಇಲ್ಲ, ನಮ್ಮ ಮನೆಯಲ್ಲಿ ಲಿಂಗ ಕಟ್ಟಿಕೊಂಡವರು. ಹಾಲು, ಮೊಸರು? ಈ ಪ್ರಶ್ನೆಗೆ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ನೆಂಟರ ಮುಂದೆ ಹೇಳುವ ಧ್ವನಿಯಲ್ಲೇ ಹೇಳಿದರು:

"ಅದನ್ನೂ ಬಿಟ್ಟಾಳ್ರಿ! ನಾಲ್ಕು ವರ್ಷ ಆತ್ರಿ. ಮನ್ಯಾಗ ಎಮ್ಮಿ ಹಿಂಡತೈತಿ, ಒಂದು ಹನಿ ಮುಟ್ಟಿಲ್ಲ. ಹೋಳಿಗಿಗೆ ತುಪ್ಪ ಸೈತ ಹಾಕ್ಕೊಳ್ಳೂದಿಲ್ರಿ. ನೌಕರಿ ಸಿಗೂತನಕ ಇಲ್ಲಂದ್ರ ಇಲ್ಲ. ಅಂಥಾ ಹಠದಾಕಿ ನನ್ನ ಮಗಳು."

ಡಾಕ್ಟರು ಪೆನ್ನು ಕೆಳಗಿಟ್ಟರು. ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಗದರಲಿಲ್ಲ.

"ಯಜಮಾನ್ರ, ನರಕ್ಕ ಬೇಕಾಗೋದು ಒಂದು ಸತ್ವ ಅದ. ಅದು ನಿಮ್ಮ ಊಟದೊಳಗ ಬರೋದು ಹಾಲು ಮೊಸರಿನಿಂದನ. ಹರಕಿ ಹೊತ್ತದ್ದು ನಿಮ್ಮ ಮಗಳು, ಉಪವಾಸ ಬಿದ್ದದ್ದು ಅವಳ ನರ."

ಅಪ್ಪನ ಮುಖದಲ್ಲಿದ್ದ ಹೆಮ್ಮೆ ಹೇಗೆ ಇಳಿದುಹೋಯಿತೆಂದು ಬರೆಯಲು ನನಗೆ ಇಂದಿಗೂ ಆಗುವುದಿಲ್ಲ. ರಕ್ತ ಪರೀಕ್ಷೆ, ಬೆನ್ನಿನ ಸ್ಕ್ಯಾನು ಎಲ್ಲವೂ ಆದವು. ಡಾಕ್ಟರು ಊಹಿಸಿದ್ದೇ ಸರಿಯಿತ್ತು. ಮರುಭೇಟಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಕಾಲು ಮರಳಿ ಬರುತ್ತವೆಯೇ?

"ಬಹಳಷ್ಟು ಬರ್ತದ. ಪೂರಾ ಬರ್ತದೋ ಇಲ್ಲೋ ಈಗ ಹೇಳಲಾರೆ. ಸೂಜಿ ನಾ ಬರ್ದು ಕೊಡ್ತೀನಿ. ಆದ್ರ ಹಾಲು ಮೊಸರು ಬಿಟ್ಟು ಕೂತ್ರೆ ಮತ್ತ ಇದಽ ಬೆಂಚಿಗೆ ಬರ್ತೀರಿ. ಆವಾಗ ನಾನೂ ಏನೂ ಮಾಡಲಿಕ್ಕೆ ಆಗೂದಿಲ್ಲ."

ಮರಳುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ಊರು ಹತ್ತಿರವಾದಾಗ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಎಷ್ಟು ಮಂದಿ ಮುಂದ ಹೇಳೀನೋ ಏನೋ. ಹಾಲು ಬಿಟ್ಟಾಳ, ಹಾಲು ಬಿಟ್ಟಾಳ ಅಂತ," ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರ ಕೈಯ ಒರಟುತನ ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಕೈಗಳು ಇನ್ನೂ ನನ್ನವೇ ಆಗಿದ್ದವು.

ಇಷ್ಟೆಲ್ಲ ಕೇಳಿದ ಮೇಲೆ ನಾನು ಮನೆಗೆ ಬಂದ ಕೂಡಲೇ ಮೊಸರು ಉಂಡಿರಬೇಕೆಂದು ಓದುವವರು ಭಾವಿಸಬಹುದು. ನಾನು ಉಣ್ಣಲಿಲ್ಲ. ಸೂಜಿ ಚುಚ್ಚಿಸಿಕೊಂಡೆ, ಹಾಲು ಮಾತ್ರ ಫಲಿತಾಂಶ ಬಂದ ಮೇಲೆ ಎಂದೆ. ಪದವೀಧರೆಯಾದ ನನಗೆ ಹಾಲಿಗೂ ಆಯ್ಕೆಪಟ್ಟಿಗೂ ಸಂಬಂಧವಿಲ್ಲವೆಂದು ತಿಳಿದಿತ್ತು. ಆದರೆ ನಾಲ್ಕು ವರ್ಷ ಹಿಡಿದದ್ದನ್ನು ಕೊನೆಯ ಗಳಿಗೆಯಲ್ಲಿ ಬಿಟ್ಟು, ಆಮೇಲೆ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ, ಆ ಒಂದು ಲೋಟ ಹಾಲನ್ನು ನಾನು ಜೀವಮಾನವಿಡೀ ಮರೆಯಲಾರೆ ಎಂಬ ಭಯವೂ ಅಷ್ಟೇ ನಿಜವಾಗಿತ್ತು. ಒಂದು ಕಡೆ ಕಾಲು, ಇನ್ನೊಂದು ಕಡೆ ಮನೆಯವರೆಲ್ಲ ಕಾಯುತ್ತಿದ್ದ ಹುದ್ದೆ. ಅವ್ವ ಪ್ರತಿ ಊಟಕ್ಕೂ ನನ್ನ ತಾಟಿನ ಪಕ್ಕ ಮಜ್ಜಿಗೆಯ ಬಟ್ಟಲು ಇಡುತ್ತಿದ್ದಳು, ನಾನು ಏಳುವಾಗ ಹಾಗೆಯೇ ತೆಗೆದಿಡುತ್ತಿದ್ದಳು. ಅವಳೂ ಒತ್ತಾಯಿಸಲು ಹೆದರುತ್ತಿದ್ದಳು. ದೇವರಿಗೆ ಕೊಟ್ಟ ಮಾತು, ತಪ್ಪಿಸಿದ ಪಾಪ ಯಾರಿಗೆ ಬರುತ್ತದೋ ಎಂದು.

ಆಯಿ ಇದನ್ನು ಕೆಲವು ದಿನ ನೋಡಿದಳು. ಒಂದು ಸೋಮವಾರ ಮುಂಜಾನೆ ಮೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, "ನಡೀರಿ ಗುಡಿಗೆ ಹೋಗೂಣು," ಎಂದು ಎಲ್ಲರನ್ನೂ ಎಬ್ಬಿಸಿದಳು. ಅಪ್ಪ ನನ್ನ ತೋಳು ಹಿಡಿದಿದ್ದರು. ಗುಡಿಯಲ್ಲಿ ಪೂಜಾರಿ ಕಾಯಿ ಒಡೆಯಲು ಕೈ ಚಾಚಿದಾಗ ಆಯಿ ಅವರನ್ನು ತಡೆದು, ತಾನೇ ಬಸವಣ್ಣನ ಎದುರಿಗೆ ಕುಳಿತಳು. ಸಂತೆಯಲ್ಲಿ ವ್ಯಾಪಾರಕ್ಕೆ ಕೂರುವ ಹಾಗೆ, ಮೊಳಕಾಲ ಮೇಲೆ ಕೈಯಿಟ್ಟು.

"ನೋಡಪಾ ಬಸವಣ್ಣ. ಈ ಹುಡುಗಿ ಓದಿದಾಕಿ, ಆದ್ರ ಶಾಣ್ಯಾಕಿ ಅಲ್ಲ. ನಿನ್ನ ಮುಂದ ಬಂದು ಹಾಲು ಬಿಡ್ತೀನಿ ಅಂದ್ಳು. ನೀ ಎತ್ತು. ನಿಮ್ಮವ್ವನ ಹಾಲು ಕುಡದು ದೊಡ್ಡಾಂವ ಆದಾಂವ. ಹಾಲು ಬಿಡಿಸಿದ್ರ ಕರುವಿನ ಕಾಲಾಗ ಶಕ್ತಿ ಇರೂದಿಲ್ಲ ಅನ್ನೂದು ನಿನಗ ಯಾರೂ ಹೇಳಬೇಕಾಗಿಲ್ಲ. ಇಕಿಗೆ ಗೊತ್ತಿರಲಿಲ್ಲ. ಹರಕಿ ಮುರಿಯಾಂಗಿಲ್ಲ, ಖರೆ. ಬದಲಿ ಮಾಡಾಕ ಬರತೈತಿ. ಇಕಿ ಹರಕಿ ಇವತ್ತಿಂದ ನಂದು. ಹಾಲಿನ ಬದಲಿ ತಪಕೀರ. ಇಕಿಗೆ ನೌಕರಿ ಆಗೂತನಕ ನಾ ಇದನ್ನ ಮೂಗಿಗೆ ಹಚ್ಚೂದಿಲ್ಲ. ಹೆಚ್ಚು ಕಡಿಮಿ ಏನಾರ ಇದ್ರ ನನ್ನ ಕೇಳು, ಇಕಿನ್ನ ಕೇಳಬ್ಯಾಡ."

ಹೀಗೆ ಹೇಳಿ ಸೊಂಟದಿಂದ ಡಬ್ಬಿ ತೆಗೆದು ತಪಕೀರನ್ನೆಲ್ಲ ಬಸವಣ್ಣನ ಪಾದದ ಬಳಿ ಸುರಿದಳು.

ಅಪ್ಪ ಮೆಲ್ಲಗೆ, "ಅವ್ವಾ, ಹಾಲೂ ತಪಕೀರೂ ಸಮ ಆಗ್ತಾವೇನು?" ಎಂದರು.

"ನಿನಗ ತಪಕೀರಿನ ಚಟ ಇಲ್ಲ. ಸುಮ್ನ ನಿಂದ್ರು."

ಅಷ್ಟರಲ್ಲಿ ಪೂಜಾರಿ ಜೋರಾಗಿ ಸೀನಿದರು. ಆಯಿ ಅದನ್ನೇ ಬಸವಣ್ಣನ ಒಪ್ಪಿಗೆಯೆಂದು ಹಿಡಿದು ಎದ್ದುಬಿಟ್ಟಳು.

ಅಂದು ಮಧ್ಯಾಹ್ನ ಅವ್ವ ಬಿಸಿ ರೊಟ್ಟಿಯ ಮೇಲೆ ಮೊಸರು ಹಾಕಿದಳು. ನಾನು ಉಣ್ಣುವವರೆಗೆ ಮೂವರೂ ಎದುರಿಗೆ ಕುಳಿತಿದ್ದರು. ರುಚಿ ಹೇಗಿತ್ತೆಂದು ಬಣ್ಣಿಸಬೇಕೆಂದು ಬಹಳ ಯೋಚಿಸಿದೆ, ಆಗುತ್ತಿಲ್ಲ. ಮೊಸರಿನ ರುಚಿ ಮೊಸರಿನಂತೆಯೇ ಇತ್ತು. ಹೊಟ್ಟೆ ಮಾತ್ರ ರೂಢಿ ತಪ್ಪಿದ್ದರಿಂದ ಕೆಲವು ದಿನ ತಕರಾರು ಮಾಡಿತು. ಅದಕ್ಕಿಂತ ದೊಡ್ಡ ತಕರಾರು ಆಯಿಯದು. ತಪಕೀರ ಬಿಟ್ಟ ಆಯಿಗೆ ಚಹಾ ಸಿಹಿಯಾಗಲಿಲ್ಲ, ರೊಟ್ಟಿ ಮೆತ್ತಗಾಗಲಿಲ್ಲ, ಎಮ್ಮೆ ಕೂಡ ಸರಿಯಾಗಿ ನಿಲ್ಲಲಿಲ್ಲ. ಅವ್ವ ಹಿತ್ತಿಲಿಗೆ ಹೋಗಿ ನಕ್ಕು ಬರುತ್ತಿದ್ದಳು.

ಗುಣವಾಗುವುದು ನಾನು ತಿಳಿದಂತೆ ಸುಖದ ಕೆಲಸವಾಗಿರಲಿಲ್ಲ. ಮೊದಲು ಜೋಮು ಹೆಚ್ಚಾಯಿತು, ನಂತರ ಕೆಂಪಿರುವೆ ಹರಿದಂತೆ, ಆಮೇಲೆ ಸೂಜಿಯಿಂದ ಹೊಲಿದಂತೆ ನೋವು. ಇದು ನರಗಳು ಎಚ್ಚರ ಆಗುತ್ತಿರುವ ನೋವು, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ನೀವು ಈಗ ಆ ಹಂತದಲ್ಲಿದ್ದರೆ ನನ್ನಿಂದಲೂ ಅದೇ ಮಾತನ್ನು ಕೇಳಿಸಿಕೊಳ್ಳಿ. ಮರಗಟ್ಟಿದ ಕಾಲಿಗಿಂತ ನೋಯುವ ಕಾಲು ಎಷ್ಟೋ ಮೇಲು.

ಅಪ್ಪ ಆ ಕಬ್ಬಿಣದ ಕವಲಿನ ವರ್ಣನೆಯನ್ನು ಮನೆಯಲ್ಲಿ ಮಾಡಿದ್ದರು. ಆಯಿ ಅದಕ್ಕೊಂದು ಉಪಾಯ ಕಂಡುಕೊಂಡಳು. ದಿನಾ ಮುಂಜಾನೆ ಖಾಲಿ ಹಿತ್ತಾಳೆ ತಂಬಿಗೆಯನ್ನು ಸೌಟಿನಿಂದ ಬಡಿದು ಅದರ ಅಂಚನ್ನು ನನ್ನ ಹೆಬ್ಬೆರಳಿಗೆ ಹಿಡಿಯುತ್ತಿದ್ದಳು.

"ಗುಂಯ್ ಅಂತೈತೇನಲೇ?"

"ಕಿವಿಗೆ ಅಂತೈತಿ ಆಯಿ. ಕಾಲಿಗೆ ಇಲ್ಲ."

"ಕಿವಿ ಮುಚ್ಚಿಕೋ ಹಂಗಾದ್ರ."

ನಾನು ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದೆ. ಓಣಿಯವರು ಬಂದು ನಿಂತು ನೋಡುತ್ತಿದ್ದರು. ಬೇಸಿಗೆಯ ನಡುವೆ ಒಂದು ದಿನ, ಬಹಳ ದೂರದಿಂದ ಯಾರೋ ಕರೆದಂತೆ, ಬಲಗಾಲಿನ ಹೆಬ್ಬೆರಳಿನೊಳಗೆ ಏನೋ ಅಲುಗಿತು. ಆಯಿ ಇನ್ನೊಮ್ಮೆ ಬಡಿದಳು. ಇನ್ನೊಮ್ಮೆ ಅಲುಗಿತು. "ಅಂತೈತಿ," ಎಂದೆ. ಆಯಿಯ ಕೈಯಿಂದ ಸೌಟು ಜಾರಿತು. ಒಳಗಿನಿಂದ ಓಡಿಬಂದ ಅವ್ವ ಏನಾಯಿತೆಂದು ಕೇಳದೆಯೇ ಅಳತೊಡಗಿದಳು.

ಅದೇ ಬೇಸಿಗೆಯ ಕೊನೆಗೆ ಆಯ್ಕೆಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿರಲಿಲ್ಲ. ಮೊಬೈಲನ್ನು ಕೆಳಗಿಟ್ಟು ಗೋಡೆಗೆ ಒರಗಿ ಕುಳಿತೆ. ನನ್ನ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ಆಯಿಗೆ ತಿಳಿಯಿತು.

"ಹಾಲು ಕುಡಿದಿದ್ದಕ್ಕ ಹಿಂಗಾತು ಅಂತ ಮಾಡೀಯೇನು?"

ನಾನು ಹೌದೆಂದು ತಲೆಯಾಡಿಸಿದೆ.

"ಇದಕ್ಕಿಂತ ಮೊದಲ ಎರಡು ಸಲ ಪರೀಕ್ಷೆ ಬರದೀ. ಆವಾಗ ಹಾಲು ಬಿಟ್ಟಿದ್ದಿ. ಬಸವಣ್ಣ ಏನು ಕೊಟ್ಟಾ? ಈಗ ಹರಕಿ ನಂದು ಐತಿ. ನೌಕರಿ ಬರಲಿಲ್ಲ ಅಂತ ಅಳೂದಿದ್ರ ನಾ ಅಳಬೇಕು, ನನ್ನ ಮೂಗು ಅಳಬೇಕು. ನಿಂದೇನೈತಿ ನಡುವ?"

ನಾನು ನಕ್ಕುಬಿಟ್ಟೆ. ಅದು ಬಿದ್ದಾಗ ನಗುವ ನಗುವಾಗಿರಲಿಲ್ಲ. ಸಂಜೆ ಅವ್ವ ಇಟ್ಟ ಮಜ್ಜಿಗೆಯನ್ನು, ಆ ವರ್ಷದಲ್ಲಿ ಮೊದಲ ಬಾರಿಗೆ, ಹೆದರಿಕೆಯಿಲ್ಲದೆ ಕುಡಿದೆ.

ಸೈಕಲ್ಲು ಇಷ್ಟೂ ದಿನ ದಾವಲಸಾಬ ಕಾಕಾನ ಅಂಗಡಿಯಲ್ಲಿತ್ತು. ಶಾಲೆ ತೆರೆಯುವ ಮುನ್ನ ತರಲು ಹೋದಾಗ ಕಾಕಾ ಅದನ್ನು ಎಣ್ಣೆ ಹಾಕಿ ಒರೆಸಿ ನಿಲ್ಲಿಸಿದ್ದರು. "ಇದರಾಗ ಈಗ ಬೆಲ್ ಒಂದಽ ಹಳೇದು ಟೀಚರ. ಉಳಿದದ್ದೆಲ್ಲಾ ಬದಲಿ ಆಗೇತಿ," ಎಂದರು. ನನ್ನಲ್ಲೂ ಎಲ್ಲವೂ ಮೊದಲಿನಂತಾಗಿಲ್ಲ. ಎಡಗಾಲಿನ ಕಿರುಬೆರಳು, ಅದರ ಪಕ್ಕದ ಬೆರಳು ಇನ್ನೂ ಮೌನವಾಗಿವೆ. ಕತ್ತಲಾದರೆ ಟಾರ್ಚ್ ಇಲ್ಲದೆ ಹೊರಗೆ ಹೋಗುವುದಿಲ್ಲ. ಮುಖಕ್ಕೆ ಸೋಪು ಹಚ್ಚುವಾಗ ಒಂದು ಕೈ ಗೋಡೆಯ ಮೇಲಿರುತ್ತದೆ. ಗುಳಿಗೆಗಳು ನಿಂತಿಲ್ಲ, ನಿಲ್ಲುವುದೂ ಇಲ್ಲವೇನೋ. ಇದರ ಜೊತೆ ಬದುಕಬಹುದು.

ಈ ಮಳೆಗಾಲದಲ್ಲಿ ಒಂದು ಸಂಜೆ ಶಾಲೆಯಿಂದ ಬರುತ್ತಿದ್ದೆ. ಬೆಳಕಿತ್ತು. ಹಿಂದಿನ ದಿನದ ಮಳೆಗೆ ಹಾದಿ ರಾಡಿಯಾಗಿತ್ತು. ನನ್ನ ಮುಂದೆ ಹೋಗುತ್ತಿದ್ದ ಮೋಟಾರು ಬೈಕಿನವನೂ ಜಾರಿ ಹೇಗೋ ಸಾವರಿಸಿಕೊಂಡ. ನನ್ನ ಗಾಲಿ ಸಾವರಿಸಿಕೊಳ್ಳಲಿಲ್ಲ. ಬ್ರೇಕು ಹಿಡಿದೆ, ಕಾಲು ಊರಿದೆ, ಊರಿದ ಕಾಲು ಸರಿಯಾಗಿಯೇ ನೆಲಕ್ಕೆ ತಲುಪಿತು, ನೆಲವೇ ಜಾರಿತು. ಚಪ್ಪಲಿ ಕಳಚಿದ್ದು ಗೊತ್ತಾಯಿತು. ಬರಿಗಾಲು ಎರೆ ಕೆಸರಿನೊಳಗೆ ಮುಳುಗಿತು. ಕೆಸರು ತಣ್ಣಗಿತ್ತು. ಬೆರಳುಗಳ ಸಂದಿಯಿಂದ ಮೇಲೆ ಬಂತು, ಒಂದು ಸಣ್ಣ ಹರಳು ಅಂಗಾಲಿಗೆ ಚುಚ್ಚಿತು. ನಾನು ಏಳಲಿಲ್ಲ. ಕುಳಿತಲ್ಲಿಯೇ ಕಾಲನ್ನು ಎತ್ತಿ ಎತ್ತಿ ಮತ್ತೆ ಕೆಸರಿಗೆ ಇಟ್ಟೆ. ಬೈಕಿನವನು ತಿರುಗಿ ನೋಡಿ, "ಪೆಟ್ಟಾತೇನ್ರಿ ಟೀಚರ?" ಎಂದು ಕೂಗಿದ. "ಆಗೇತ್ರಿ!" ಎಂದು ನಾನೂ ಕೂಗಿದೆ. ಅಷ್ಟು ಸಂತೋಷದಿಂದ ಯಾರೂ ಆ ಮಾತನ್ನು ಹೇಳಿರಲಾರರು.

ಮನೆಗೆ ಬಂದಾಗ ಆಯಿ ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಸೊಂಟದವರೆಗೆ ಕೆಸರಾಗಿದ್ದ ನನ್ನನ್ನು ನೋಡಿ ಅವಳ ಮುಖ ಒಮ್ಮೆಗೇ ಸಣ್ಣದಾಯಿತು.

"ಮತ್ತ ಬಿದ್ದಿಯೇನಲೇ? ಹಳೇದಽ ಬಂತೇನು?"

"ಇಲ್ಲ ಆಯಿ. ಎಲ್ಲಾರೂ ಬೀಳೂ ಹಂಗ ಬಿದ್ದೆ."

"ಕೆಸರು?"

"ತಣ್ಣಗಿತ್ತು. ಹರಳು ಚುಚ್ಚೇತಿ ನೋಡು."

ಆಯಿ ನನ್ನ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಸೆರಗಿನಿಂದ ಕೆಸರು ಒರೆಸಿ, ಹರಳು ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು. ನಾನು "ಹಾ!" ಎಂದೆ. ಅವಳು ಇನ್ನೊಮ್ಮೆ ಒತ್ತಿದಳು. ನಾನು ಇನ್ನೊಮ್ಮೆ "ಹಾ!" ಎಂದೆ. ಆಯಿಗೆ ಸಮಾಧಾನವಾಯಿತು. ಅವಳ ಕೈ ತನ್ನಷ್ಟಕ್ಕೆ ತಾನೇ ಸೊಂಟದಲ್ಲಿ ಡಬ್ಬಿಯನ್ನು ಹುಡುಕಿ ಬರಿದಾಗಿ ಮರಳಿತು.

"ಹೋಗು, ಕಾಲು ತೊಳಕೊಂಡು ಓದಾಕ ಕುಂದ್ರು," ಎಂದಳು. "ನನ್ನ ಮೂಗು ಕಾಯಾಕತ್ತೈತಿ."